ಒಂದೂ ಬಾಣವಿಲ್ಲದ ಪುಸ್ತಕ

ನನ್ನ ಅಕ್ಕನಿಗೆ ಪೂರ್ತಿ ಮೆಚ್ಚುಗೆಯಾಗುವ ಪುಸ್ತಕ ಇನ್ನೂ ಅಚ್ಚಾಗಿಲ್ಲ. ಹೀಗೆ ಎದುರಿಗೇ ಹೇಳಿದರೂ ಅವಳು ಬೇಸರಪಡುವುದಿಲ್ಲ, ಬಿರುದು ಕೊಟ್ಟರೇನೋ ಎಂಬಂತೆ ಬೀಗುತ್ತಾಳೆ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳ ತಪ್ಪು ಹುಡುಕುವುದೇ ಅವಳ ಉದ್ಯೋಗವಾಗಿತ್ತು. ಚೆಕಿಂಗ್ ಟೇಬಲ್ಲಿನ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಅಂಗಿ ಹರಡಿಕೊಂಡು, ಹೊಲಿಗೆ ಹಾರಿದ ಕಡೆ, ಕಾಲರು ಸೊಟ್ಟಗಾದ ಕಡೆ ಚಿಕ್ಕದೊಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕಿತ್ತು. ಬಾಣ ಬಿದ್ದ ಅಂಗಿ ಹೊಲಿದವರ ಹತ್ತಿರ ವಾಪಸು ಹೋಗುತ್ತಿತ್ತು. ಹೊಲಿಯುವ ಹೆಂಗಸರು ಅವಳಿಗೆ ಬಾಣದಮ್ಮ ಎಂದು ಹೆಸರಿಟ್ಟಿದ್ದರು. ಕೆಲವರು ಅದನ್ನು ಪ್ರೀತಿಯಿಂದ ಕರೆಯುತ್ತಿರಲಿಲ್ಲ.

ಆ ಬಾಣದ ಹಾಳೆಗಳು ಅವಳ ಚೀಲದಲ್ಲಿ ಮನೆಗೂ ಬರುತ್ತಿದ್ದವು. ಓದಿದ ಪುಸ್ತಕಕ್ಕೆಲ್ಲ ಅಂಟಿಸುತ್ತಿದ್ದಳು. ಕಥೆ ಎಡವಿದಲ್ಲಿ ಒಂದು, ಸುಳ್ಳು ಅಳುವಿಗೆ ಒಂದು, ಉದ್ದುದ್ದ ವರ್ಣನೆಗೆ ಸಾಲಾಗಿ ನಾಲ್ಕು. ಗ್ರಂಥಾಲಯದವರು ಮೊದಮೊದಲು ಬೈದರು. ಆಮೇಲೆ ಬಾಣವಿರುವ ಪುಸ್ತಕವನ್ನೇ ಜನ ಕೇಳಿ ತೆಗೆದುಕೊಂಡು ಹೋಗುವುದನ್ನು ಕಂಡು ಬಾಯಿ ಮುಚ್ಚಿಕೊಂಡರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಓದೋಕೇ ಟೈಮ್ ಸಾಲಲ್ಲ, ಅದರಲ್ಲಿ ಇನ್ನೊಬ್ಬನ್ನ ಎಲ್ಲಿ ತಿದ್ದಲಿ?" ಎನ್ನುತ್ತಿದ್ದಳು.

ನಾನು ಓದುವವಳಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವುದು ನನ್ನ ಕೆಲಸ. ಕೆನ್ನೆ ಊದಿಸಿಕೊಂಡು ಬರುವವರ ಗೋಳು ಕೇಳಿ ಮನೆಗೆ ಬಂದರೆ ಪುಸ್ತಕದೊಳಗಿನ ಗೋಳು ನನಗೆ ಬೇಡ. ನಾನೂ ಮಗಳೂ ಕೆಳಗಿನ ಮನೆಯಲ್ಲಿದ್ದೇವೆ, ಅಕ್ಕ ಮೇಲಿನ ಒಂಟಿ ಕೋಣೆಯಲ್ಲಿ. ಆದರೆ ಅವಳು ಓದಿದ್ದು ನನಗೆ ತಿಳಿಯದೆ ಹೋಗುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಟೀ ಕುಡಿಯಲು ಇಳಿದು ಬರುತ್ತಾಳೆ, ವಾರದ ತೀರ್ಪು ಹೊರಬೀಳುತ್ತದೆ. ಇಟ್ಟಿಗೆಯಷ್ಟು ದಪ್ಪದ ಒಂದು ಕಾದಂಬರಿ ಮುಗಿಸಿದ ದಿನ, "ಗುಡ್ಡ ಅಗೆದು ಇಲಿ ಹಿಡಿದ ಕಣೇ ಪುಣ್ಯಾತ್ಮ. ಆ ನಾಯಕ ಕಿಟಕಿ ಬಿಟ್ಟು ಕದಲಲ್ಲ. ಮಳೆ ಬಂದ್ರೂ ಕಿಟಕಿ, ಹೆಂಡತಿ ಬಿಟ್ಟುಹೋದ್ರೂ ಕಿಟಕಿ. ಮನೇಲಿ ಬೇರೆ ಕೆಲಸ ಇಲ್ವಾ ಅವನಿಗೆ?" ಎಂದಳು. ಇದನ್ನೇ ಗ್ರಂಥಾಲಯದ ಮೊಬೈಲ್ ಗುಂಪಿಗೂ ಬರೆದು ಹಾಕುತ್ತಿದ್ದಳು. ಅಲ್ಲೊಬ್ಬರು ನಿವೃತ್ತ ಮೇಷ್ಟ್ರು ಪ್ರತಿ ವಾರ ಅವಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಆ ಜಗಳವಿಲ್ಲದೆ ಅವಳಿಗೆ ಟೀ ಇಳಿಯುತ್ತಿರಲಿಲ್ಲ.

ಕಾದಂಬರಿಗಿಂತ ಅವಳಿಗೆ ಕಾಮಿಕ್ಸ್ ಮೇಲೆ ಪ್ರಾಣ. "ಬರೆಯೋನು 'ಅವಳು ಸುಂದರಿ' ಅಂತ ಬರೆದು ತಪ್ಪಿಸಿಕೊಳ್ಳಬಹುದು. ಚಿತ್ರ ಬಿಡಿಸೋನು ಎಲ್ಲಿಗೆ ತಪ್ಪಿಸಿಕೊಳ್ತಾನೆ? ಕೈ ಎಲ್ಲಿದೆ, ಕಾಲು ಎಲ್ಲಿದೆ ತೋರಿಸ್ಲೇಬೇಕು" ಎನ್ನುತ್ತಿದ್ದಳು. ನನ್ನ ಮಗಳು ಪುಟ್ಟಿಗೆ ಅಕ್ಷರ ಬರುವ ಮೊದಲೇ ಕಾಮಿಕ್ಸ್ ಹುಚ್ಚು ಹಿಡಿಸಿದವಳು ಇವಳೇ. ಬ್ಯಾಂಕು ನಡೆಸುವ ಕಾಗೆಯ ಕಥೆಯನ್ನು ಇಬ್ಬರೂ ಹರಿದು ಚೂರಾಗುವವರೆಗೆ ಓದಿದರು. ಅದಕ್ಕೂ ಬಾಣ ಬಿದ್ದಿತ್ತು. ಕೊನೆಯ ಪುಟದಲ್ಲಿ ಕಾಗೆಗೆ ರೆಕ್ಕೆಯಲ್ಲಿ ಒಂದು ಗರಿ ಕಡಿಮೆಯಂತೆ.

ಆ ಮಗಳು ಈಗ ಬೋರ್ಡು, ಬ್ಯಾನರು ಮಾಡುವ ಅಂಗಡಿಯಲ್ಲಿ ಡಿಸೈನ್ ಮಾಡುತ್ತಾಳೆ. ದಿನವಿಡೀ ರಿಯಾಯಿತಿ ಮಾರಾಟದ ಬೋರ್ಡು, ಸಂಜೆ ತನ್ನ ಕಾಮಿಕ್ಸ್. ಎರಡು ವರ್ಷ ಅಡುಗೆಮನೆಯ ಮೇಜು ನನಗೆ ಸಿಗಲಿಲ್ಲ. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವ ಹೆಂಗಸಿನ ಕಥೆ, ಮಾತು ಬಹಳ ಕಡಿಮೆ. ಆ ಹೆಂಗಸಿನ ಕೈ ಮುರಿದಿರುತ್ತದೆ. ಎಲ್ಲರನ್ನೂ ಮೇಲಕ್ಕೆ ಕರೆದೊಯ್ದು ಬಿಡುತ್ತಾಳೆ, ತಾನು ಮಾತ್ರ ಮೇಲಿನ ಮಹಡಿಯಲ್ಲಿ ಎಂದೂ ಇಳಿದವಳಲ್ಲ. ಚಿಕ್ಕ ಪ್ರಕಾಶನದವರೊಬ್ಬರು ಅಚ್ಚು ಹಾಕಲು ಒಪ್ಪಿದರು. ಆದರೆ ಕೊನೆ ಅರ್ಥವಾಗುವುದಿಲ್ಲ, ಬದಲಾಯಿಸಿ ಎಂದರು. ಪುಟ್ಟಿ ಕರಡು ಪ್ರತಿಯನ್ನು ತನ್ನ ದೊಡ್ಡಮ್ಮನ ಕೈಗಿಟ್ಟಳು. "ನೀನು ಹೇಳು ದೊಡ್ಡಮ್ಮ. ನೀನು ಹೇಳಿದ ಹಾಗೆ ಮಾಡ್ತೀನಿ" ಎಂದಳು.

ವಾರ ಕಳೆದು ಪುಸ್ತಕ ವಾಪಸು ಬಂತು. ಪುಟ್ಟಿ ಸರಸರ ಮಗುಚಿ ನೋಡಿದಳು. ಮತ್ತೆ ಮೊದಲಿಂದ ನೋಡಿದಳು. ಒಂದೇ ಒಂದು ಬಾಣವಿರಲಿಲ್ಲ. "ಚೆನ್ನಾಗಿದೆ ಕಣೇ, ಏನೂ ಮುಟ್ಟಬೇಡ" ಎಂದು ಅಕ್ಕ ಗೋಡೆ ನೋಡುತ್ತಾ ಹೇಳಿ ಮೆಟ್ಟಿಲು ಹತ್ತಿದಳು. ನನ್ನ ಮಗಳು ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡು ಗಿರಗಿರನೆ ತಿರುಗಿಸಿದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಅದೇ ಸಂಜೆ ಪ್ರಕಾಶಕರಿಗೆ ಫೋನ್ ಮಾಡಿ ಕಡ್ಡಿ ಮುರಿದ ಹಾಗೆ ಹೇಳಿದಳು, "ಒಂದು ಗೆರೇನೂ ಬದಲಾಯಿಸಲ್ಲ." ಅವರು, ಹಾಗಾದರೆ ನಮ್ಮಿಂದ ಆಗುವುದಿಲ್ಲ, ಶುಕ್ರವಾರದವರೆಗೆ ಯೋಚಿಸಿ ಎಂದರು. "ಯೋಚನೆ ಏನು? ನಮ್ಮ ದೊಡ್ಡಮ್ಮನೇ ಬಾಣ ಹಾಕಿಲ್ಲ" ಎಂದು ಇವಳು ಫೋನಿಟ್ಟಳು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕಾಗೆಯ ಗರಿ ಎಣಿಸಿದ ಹೆಂಗಸು ಇವಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆ ಮುದ್ದು ನನಗಿರಬೇಕು, ಇವಳಿಗೆ ಯಾಕೆ ಬಂತು? ಮರುದಿನ ಕ್ಲಿನಿಕ್ಕಿಗೆ ಪುಸ್ತಕ ಒಯ್ದು, ರೋಗಿಗಳು ಕಡಿಮೆಯಿದ್ದ ಹೊತ್ತಿನಲ್ಲಿ ನಾನೇ ಬಿಡಿಸಿ ಕೂತೆ. ಜನ್ಮದಲ್ಲಿ ನಾನು ಪೂರ್ತಿ ನೋಡಿದ ಮೊದಲ ಪುಸ್ತಕ ಅದು. ಆ ಹೆಂಗಸಿನ ಬ್ಯಾಂಡೇಜು ಮೊದಲು ಎಡಗೈಗಿತ್ತು. ನಡುವೆ ಒಂದು ಕಡೆ ಬಲಗೈಗೆ ಬಂತು, ನಾಲ್ಕು ಪುಟ ಅಲ್ಲೇ ಇದ್ದು ಮತ್ತೆ ಎಡಗೈಗೆ ಹೋಯಿತು. ನನ್ನಂಥ ದಡ್ಡಿಗೆ ಕಂಡದ್ದು ಬಾಣದಮ್ಮನಿಗೆ ಕಾಣಲಿಲ್ಲವೆಂದರೆ?

ಆಗ ಒಂದೊಂದಾಗಿ ನೆನಪಾದವು. ಮೊಬೈಲ್ ಗುಂಪಿಗೆ ಬರೆಯುವುದನ್ನು ಬಿಟ್ಟು ಅವಳು ಈಚೆಗೆ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ವಯಸ್ಸಾಯಿತು, ಸೋಮಾರಿಯಾದಳು ಎಂದು ನಾನೇ ಆಡಿಕೊಂಡಿದ್ದೆ. ಮೊದಲೆಲ್ಲ ಕೇಳುವ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದವಳು, "ಬೇರೆಯವರು ಅಗಿದು ಕೊಟ್ಟಿದ್ದನ್ನ ನುಂಗಿದ ಹಾಗೆ" ಎನ್ನುತ್ತಿದ್ದವಳು, ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಅವುಗಳ ಮೇಲೂ ಅವಳ ತೀರ್ಪು ಜೋರೇ. ಒಬ್ಬ ಓದುವವನು ಕೊಲೆಯನ್ನೂ ರೈಲು ಬಂದದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತಾನಂತೆ. ಇನ್ನೊಬ್ಬಳು ಕಥೆಯಲ್ಲಿನ ಗಂಡಸರಿಗೆಲ್ಲ ನೆಗಡಿ ಹಿಡಿಸಿದ್ದಾಳಂತೆ. ನಾವು ನಕ್ಕೆವು. ಕಾಮಿಕ್ಸ್ ಮಾತು ಅವಳ ಬಾಯಲ್ಲಿ ನಿಂತು ಎಷ್ಟು ಕಾಲವಾಯಿತೆಂದು ನಾವ್ಯಾರೂ ಕೇಳಲಿಲ್ಲ. ಮಾತಾಡುವಾಗ ಮುಖ ಪಕ್ಕಕ್ಕೆ ತಿರುಗಿಸುವುದನ್ನು ನಾನು ಜಂಬ ಎಂದುಕೊಂಡಿದ್ದೆ.

ಕೆಲಸ ಮುಗಿಸಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಮೇಲೆ ಹೋದೆ. ಅಕ್ಕ ಮಂಚದ ಮೇಲೆ ಕೂತು ಏನೋ ಕೇಳುತ್ತಿದ್ದಳು. ಪುಸ್ತಕವನ್ನು ಅವಳ ತೊಡೆಯ ಮೇಲೆ ಬಿಡಿಸಿಟ್ಟೆ.

"ಬ್ಯಾಂಡೇಜು ಯಾವ ಕೈಗಿದೆ ಹೇಳು."

"ನಿನಗೆ ಕಣ್ಣಿಲ್ವಾ? ನೀನೇ ನೋಡ್ಕೋ."

"ನಾನು ನೋಡಿದೀನಿ. ನೀನು ಹೇಳಕ್ಕ."

ಅವಳು ಪುಸ್ತಕವನ್ನು ಎತ್ತಿ ಮುಖದ ಪಕ್ಕಕ್ಕೆ ಹಿಡಿದಳು. ಅತ್ತ ಸರಿಸಿದಳು, ಇತ್ತ ಸರಿಸಿದಳು. ಆಮೇಲೆ ಮೆಲ್ಲಗೆ ಮುಚ್ಚಿ ದಿಂಬಿನ ಹತ್ತಿರ ಇಟ್ಟಳು.

"ಎಲ್ಲಿ ನೋಡ್ತೀನೋ ಅಲ್ಲೇ ಕಾಣಲ್ಲ ಕಣೇ. ಸುತ್ತ ಎಲ್ಲಾ ಕಾಣುತ್ತೆ. ಬಾಗಿಲು ಕಾಣುತ್ತೆ, ಮೆಟ್ಟಿಲು ಕಾಣುತ್ತೆ. ನಡುವೆ ಮಾತ್ರ ಯಾರೋ ಹೆಬ್ಬೆಟ್ಟಿಟ್ಟು ಒರೆಸಿದ ಹಾಗಿದೆ. ಹೋಗಿರೋದು ಬರಲ್ಲ, ಇರೋದನ್ನ ಉಳಿಸೋಕೆ ನೋಡೋಣ ಅಂದ್ರು ಡಾಕ್ಟ್ರು."

"ಕಾರ್ಖಾನೇಲಿ?"

"ಮೊದಲು ಅವರಿಗೇ ಹೇಳ್ದೆ. ಈಗ ಮಡಿಸೋ ವಿಭಾಗದಲ್ಲಿದ್ದೀನಿ. ಹರಿದ ಅಂಗೀನ ಚೆನ್ನಾಗಿದೆ ಅಂತ ಕಳ್ಸೋಕಾಗುತ್ತಾ?"

ನನಗೆ ಎಲ್ಲಿತ್ತೋ ಸಿಟ್ಟು. ಅಳುವೂ ಬಂತು, ಆದರೆ ಸಿಟ್ಟು ಮುಂದೆ ನುಗ್ಗಿತು. "ಅಂಗಿಗಿರೋ ಮರ್ಯಾದೆ ನನ್ನ ಮಗಳಿಗಿಲ್ವಾ? ನಿನ್ನ ಮಾತು ಕಟ್ಟಿಕೊಂಡು ಅವಳು ಪುಸ್ತಕಾನೇ ಕಳ್ಕೊಳ್ತಾ ಇದ್ದಾಳೆ. ಶುಕ್ರವಾರದ ತನಕ ಟೈಮ್ ಕೊಟ್ಟಿದ್ದಾರೆ, ಗೊತ್ತಾ ನಿನಗೆ?"

ಅಕ್ಕನಿಗೆ ಅದು ಗೊತ್ತಿರಲಿಲ್ಲ. ದಿಂಬಿನ ಹತ್ತಿರದ ಪುಸ್ತಕವನ್ನು ಕೈಯಿಂದ ತಡವಿದಳು. "ಕಣ್ಣಿನ ವಿಷಯ ಗೊತ್ತಾದ್ರೆ ಎಲ್ಲರೂ ಪಾಪ ಅಂತಾರೆ" ಎಂದಳು ಕೊನೆಗೆ. "ಪಾಪ ಅಂದೋರು ಆಮೇಲೆ ಜಗಳ ಆಡಲ್ಲ. ಆ ಮೇಷ್ಟ್ರು ಕೂಡ 'ಹೌದಮ್ಮ, ಸರಿಯಮ್ಮ' ಅಂದ್ಬಿಡ್ತಾರೆ. ಪುಟ್ಟಿ ಏನೂ ತೋರಿಸೋದೇ ಬಿಟ್ಬಿಡ್ತಾಳೆ. ಅದನ್ನ ನೆನೆಸಿಕೊಂಡು ಹೆದರಿಬಿಟ್ಟೆ." ನನ್ನ ಅಕ್ಕ ಹೆದರಿದೆ ಎಂದದ್ದನ್ನು ನಾನು ಅವತ್ತೇ ಕೇಳಿದ್ದು. "ಕಳಿಸು ಅವಳನ್ನ. ನಾನೇ ಹೇಳ್ತೀನಿ. ನೀನು ಮಧ್ಯೆ ಬಾಯಿ ಹಾಕಬೇಡ" ಎಂದಳು.

ಪುಟ್ಟಿ ಬಂದಳು. ಅಕ್ಕ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ, ನೇರವಾಗಿ ಹೇಳಿದಳು. ಕಣ್ಣು ಹೀಗಾಗಿದೆ, ನಿನ್ನ ಪುಸ್ತಕ ನಾನು ನೋಡಿಲ್ಲ, ಚೆನ್ನಾಗಿದೆ ಅಂದದ್ದು ಸುಳ್ಳು. ಮಗಳು ನಿಂತಲ್ಲೇ ನಿಂತಳು. ಅಯ್ಯೋ ದೊಡ್ಡಮ್ಮ ಎಂದು ಅವಳು ಓಡಿ ಹೋಗಿ ತಬ್ಬಿಕೊಳ್ಳುತ್ತಾಳೆಂದು ನಾನು ಕಾದೆ.

"ಹಾಗಾದ್ರೆ ಚೆನ್ನಾಗಿದೆ ಅಂತ ಯಾರೂ ಹೇಳಿಲ್ಲ" ಎಂದಳು ಪುಟ್ಟಿ.

ಆ ಮಾತು ನನಗೆ ತಟ್ಟಿತು. ಅಕ್ಕನಿಗೂ ತಟ್ಟಿರಬೇಕು. ಆದರೆ ಅವಳು ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಮಂಚದ ಎದುರಿಗಿದ್ದ ಕುರ್ಚಿಯನ್ನು ಕಾಲಿನಿಂದಲೇ ಹತ್ತಿರ ಎಳೆದಳು. "ಕೂತ್ಕೋ. ಮೊದಲ ಪುಟದಿಂದ ಹೇಳು. ಏನಿದೆಯೋ ಅಷ್ಟೇ ಹೇಳು, ಅದರ ಅರ್ಥ ಹೇಳಬೇಡ."

ಪುಟ್ಟಿ ಕೂತಳು. ದನಿ ಒರಟಾಗಿತ್ತು. "ಲಿಫ್ಟ್. ಬಾಗಿಲು ಮುಚ್ಚಿದೆ. ಕೆಳಗಡೆ ಸಂದಿಯಿಂದ ಬೆಳಕು." ಹೀಗೇ ಒಂದೊಂದಾಗಿ. ಅಕ್ಕ ನಡುನಡುವೆ ಕೇಳುತ್ತಿದ್ದಳು. ಹೆಂಗಸು ಕೂತಿದ್ದಾಳಾ, ನಿಂತಿದ್ದಾಳಾ? ಬ್ಯಾಂಡೇಜು ಯಾವ ಕೈಗೆ? ಕೈ ಬದಲಾದ ಪುಟಗಳು ಬಂದಾಗ ಪುಟ್ಟಿಯೇ ಹತ್ತಿರ ಬಾಗಿ ನೋಡಿದಳು. "ಇಲ್ಲಿ ಬಲಗೈ ಆಗಿದೆ. ತಪ್ಪಾಗಿದೆ" ಎಂದು ಸಣ್ಣ ದನಿಯಲ್ಲಿ ಹೇಳಿದಳು. ಹೆಂಗಸು ಒಂದೇ ಕೈಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುವ ಪುಟಕ್ಕೆ ಬಂದಾಗ ಅಕ್ಕ ಇನ್ನೊಂದು ಸಲ ಹೇಳಿಸಿದಳು. ಗುಂಡಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಳೆ ಎಂದು ಪುಟ್ಟಿ ಹೇಳಿದಾಗ, "ಹೂಂ. ಇದು ನಿಜ. ಇದನ್ನ ಮಾತ್ರ ಯಾರು ಹೇಳಿದ್ರೂ ಮುಟ್ಟಬೇಡ" ಎಂದಳು.

ಕೊನೆ ಬಂತು. ಲಿಫ್ಟ್ ಮೇಲಿನ ಮಹಡಿ ಮುಟ್ಟಿ ಬಾಗಿಲು ತೆರೆಯುತ್ತದೆ, ಆಮೇಲೆ ಐದು ಪುಟ ಬರೀ ಬಿಳಿ.

"ಬಿಳಿ ಅಂದ್ರೆ?"

"ಏನೂ ಇಲ್ಲ. ಖಾಲಿ ಬಿಟ್ಟಿದ್ದೀನಿ."

"ಯಾಕೆ?"

ಪುಟ್ಟಿ ಆ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿದಳು.

"ನಾನು ಹೇಳ್ತೀನಿ ಕೇಳು" ಎಂದಳು ಅಕ್ಕ. ಅಭಿಪ್ರಾಯ ಹೇಳುವ ಹುರುಪಿನಲ್ಲಿ ಪಕ್ಕಕ್ಕೆ ತಿರುಗುವುದನ್ನೇ ಮರೆತು, ಮಗಳ ಮುಖಕ್ಕೆ ಮುಖ ಕೊಟ್ಟು ಕೂತಿದ್ದಳು. "ಅಲ್ಲಿ ಏನಿದೆ ಅಂತ ನಿನಗೇ ಗೊತ್ತಿಲ್ಲ, ಅದಕ್ಕೆ ಬಿಳಿ. ಇಷ್ಟು ದೂರ ಆ ಹೆಂಗಸನ್ನ ಮುರಿದ ಕೈ ಇಟ್ಕೊಂಡು ಕರ್ಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿ ನೀನು ಓಡಿಹೋಗಿದ್ದೀಯ. ಇದು ಕೊನೆ ಅಲ್ಲ, ಕೈ ಎತ್ತಿರೋದು. ಆ ಪ್ರಕಾಶಕರು ಹೇಳಿದ್ದು ಸರಿ, ಇನ್ನೂ ಮೆತ್ತಗೆ ಹೇಳಿದ್ದಾರೆ. ಎರಡು ವರ್ಷ ಬಿಡಿಸಿದೋಳಿಗೆ ಐದು ಪುಟಕ್ಕೆ ಧೈರ್ಯ ಬರಲಿಲ್ವಾ?"

ಪುಟ್ಟಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಸದ್ದಿಲ್ಲದೆ ಕೆನ್ನೆ ದಾಟಿ, ಗದ್ದದಿಂದ ಪುಟದ ಮೇಲೆ ಬೀಳುತ್ತಿತ್ತು. ಮೊಳದಷ್ಟು ದೂರದಲ್ಲಿ ಅಕ್ಕ ಅದೇ ಮುಖವನ್ನು ನೋಡುತ್ತಾ ಕೈಯಾಡಿಸಿ ಮಾತಾಡುತ್ತಲೇ ಇದ್ದಳು. ಮೊದಲಾಗಿದ್ದರೆ ಮಗುವಿನ ತುಟಿ ನಡುಗಿದರೆ ಸಾಕು, ಅರ್ಧಕ್ಕೆ ನಿಲ್ಲಿಸಿ ಬೈಗುಳಕ್ಕೆ ಬೆಲ್ಲ ಹಚ್ಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಸಾಕು ನಿಲ್ಲಿಸಕ್ಕ ಎನ್ನಲು ಬಾಗಿಲಿನಿಂದ ಒಂದು ಹೆಜ್ಜೆ ಮುಂದಿಟ್ಟೆ. ಪುಟ್ಟಿ ನನ್ನ ಕಡೆ ನೋಡಿ, ಬೇಡವೆಂದು ಕೈ ಅಡ್ಡ ಹಿಡಿದಳು.

"ಯಾಕೆ ಸುಮ್ಮನಾದೆ?" ಎಂದಳು ಅಕ್ಕ. "ಬೇಜಾರಾಯ್ತಾ?"

ಪುಟ್ಟಿ ಉಸಿರು ಬಿಗಿಹಿಡಿದು, ದನಿಯನ್ನು ಸರಿಮಾಡಿಕೊಂಡಳು.

"ಇಲ್ಲ ದೊಡ್ಡಮ್ಮ, ಬರ್ಕೊಳ್ತಾ ಇದ್ದೀನಿ. ಇನ್ನೂ ಹೇಳು" ಎಂದಳು. ಅವಳ ಕೈಯಲ್ಲಿ ಪೆನ್ನೇ ಇರಲಿಲ್ಲ.