ಏಳು ಕೆಮ್ಮುಗಳ ಹಾಡು

2022ರಲ್ಲಿ ನಾನು ದುಬೈಯ ಅಲ್ ಕೂಜ್‌ನ ಒಂದು ಸ್ಟುಡಿಯೋದಲ್ಲಿ ಸೀನಿಯರ್ ಆಡಿಯೋ ಎಂಜಿನಿಯರ್ ಆಗಿದ್ದೆ. ಎಡಕ್ಕೆ ಟಯರ್ ಗೋದಾಮು, ಬಲಕ್ಕೆ ಮಾರ್ಬಲ್ ಕೊರೆಯುವ ವರ್ಕ್‌ಶಾಪು, ನಡುವೆ ಹೊರಗಿನ ಸದ್ದೇ ಬಾರದ ನಮ್ಮ ಕೋಣೆ. ಜಾಹೀರಾತುಗಳಿಗೆ ಧ್ವನಿ ಹಿಡಿಯುವುದು ಸ್ಟುಡಿಯೋದ ಮುಖ್ಯ ಕೆಲಸ. ನನಗೆ ಇಷ್ಟವಾದ ಕೆಲಸ ಬೇರೆಯೇ ಇತ್ತು. ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿ, ಕಲ್ಮಶ ತೆಗೆದು, ಹೊಸದಾಗಿ ಮಾಡಿಕೊಡುವುದು. ಎಂಬತ್ತರ ದಶಕದಲ್ಲಿ ಗಲ್ಫ್‌ಗೆ ಬಂದ ನಮ್ಮ ಊರಿನವರು ಕಾಗದ ಬರೆಯುವ ಬದಲು ಕ್ಯಾಸೆಟ್‌ನಲ್ಲಿ ಮಾತಾಡಿ ಮನೆಗೆ ಕಳಿಸುತ್ತಿದ್ದರು. ಅಂಥವನ್ನು ಅವರ ಮಕ್ಕಳು ಈಗ ಹುಡುಕಿಕೊಂಡು ತರುತ್ತಿದ್ದರು.

ಈ ವಿದ್ಯೆಯ ಮೊದಲ ಪಾಠ ನನಗೆ ಆದದ್ದು ಉಡುಪಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ. ಯಕ್ಷಗಾನದ ಧ್ವನಿಮುದ್ರಣವೆಂದರೆ ಬೆಳಗಿನ ಜಾವದ ಹೊತ್ತಿಗೆ ಭಾಗವತರಿಗೂ ಕೆಮ್ಮು, ಪ್ರೇಕ್ಷಕರಿಗೂ ಕೆಮ್ಮು. ಅಂಗಡಿಯ ಧನಿಗಳಿಗೆ ಅದನ್ನು ಕಂಡರಾಗದು. “ಜನ ಭಾಗವತರ ಪದ ಕೇಳ್ಲಿಕ್ಕೆ ಕ್ಯಾಸೆಟ್ ತಗೊಳ್ಳುದು ಮಾರಾಯ, ಕೆಮ್ಮು ಕೇಳ್ಲಿಕ್ಕಲ್ಲ” ಎನ್ನುತ್ತಿದ್ದರು. ಹೀಗೆ ಕೆಮ್ಮು ಹುಡುಕಿ ಕತ್ತರಿಸುವುದರಲ್ಲಿ ನನ್ನ ಕೈ ಪಳಗಿತು. ಕತ್ತರಿಸಿದ ಜಾಗ ಯಾರಿಗೂ ಗೊತ್ತಾಗದಂತೆ ಕೂಡಿಸುವುದು ನನ್ನ ಹೆಚ್ಚುಗಾರಿಕೆ. ಆ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷದ ನವೆಂಬರ್‌ನಲ್ಲಿ ಇಲ್ದಿಕೋ ಎಂಬ ಹಂಗೇರಿಯ ಮಹಿಳೆ ಬಂದರು. ವಯಸ್ಸು ಅರವತ್ತರ ಹತ್ತಿರ. ಸಿಲಿಕಾನ್ ಓಯಸಿಸ್‌ನ ಒಂದು ಫ್ಲ್ಯಾಟ್‌ನಲ್ಲಿದ್ದುಕೊಂಡು ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದರು. ಬ್ಯಾಗಿನಿಂದ ಮಕ್ಕಳ ಕಾಲುಚೀಲವೊಂದನ್ನು ತೆಗೆದು, ಅದರೊಳಗಿಂದ ಬಿರುಕುಬಿಟ್ಟ ಕ್ಯಾಸೆಟ್ ಹೊರಗೆ ತೆಗೆದರು.

“ಇದು ನಮ್ಮ ಪಂಕ್ ಬ್ಯಾಂಡ್. ಇರುವುದು ಇದೊಂದೇ ಪ್ರತಿ” ಎಂದು ಇಂಗ್ಲಿಷಿನಲ್ಲಿ ಹೇಳಿದರು. “ಹಾಡಿರುವುದು ನನ್ನ ಅಣ್ಣ ಗಾಬೋರ್. ನಾನು ಡ್ರಮ್ಸ್. ನನಗಾಗ ಹದಿನೇಳು.”

ಬ್ಯಾಂಡಿನ ಹೆಸರನ್ನು ಕನ್ನಡಕ್ಕೆ ತಂದರೆ ‘ಒದ್ದೆ ಬೆಂಕಿಪೊಟ್ಟಣ’. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಕಾರ್ಖಾನೆ ಊರೊಂದರ ಸಾಂಸ್ಕೃತಿಕ ಭವನದಲ್ಲಿ ನಾಲ್ವರು ಹುಟ್ಟುಹಾಕಿದ್ದು. ಮೂರೇ ತಂತಿಗಳ ಗಿಟಾರ್, ಕಿರುಚಾಟ, ಎರಡು ನಿಮಿಷದ ಹಾಡುಗಳು. ಆ ಗಾಬೋರ್‌ಗೆ ಗಂಟಲಿನ ಕ್ಯಾನ್ಸರ್ ಆಗಿ, ಹಿಂದಿನ ವರ್ಷ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಹತ್ತು ದಿನದಲ್ಲಿ ಅವರು ತಂಗಿಯ ಮನೆಗೆ ಬರುವವರಿದ್ದರು. ಅಷ್ಟರೊಳಗೆ ಈ ಕ್ಯಾಸೆಟ್ ಸಿದ್ಧವಾಗಬೇಕಿತ್ತು. ಅಣ್ಣ ಹಾಡಿದ ಧ್ವನಿ ಭೂಮಿಯ ಮೇಲೆ ಉಳಿದಿದ್ದರೆ ಅದು ಇದರಲ್ಲಿ ಮಾತ್ರ ಎಂದರು ಇಲ್ದಿಕೋ.

ಟೇಪಿನ ಸ್ಥಿತಿ ಚೆನ್ನಾಗಿರಲಿಲ್ಲ. ಧ್ವನಿಯನ್ನು ಹಿಡಿದಿಟ್ಟಿರುವ ಕಂದು ಲೇಪ ಪುಡಿಪುಡಿಯಾಗಿ ಉದುರುತ್ತಿತ್ತು. ಟೇಪನ್ನು ಹೊಸ ಕವಚಕ್ಕೆ ಸುತ್ತಿ, ಒಮ್ಮೆ ಓಡಿಸಿ, ಕಂಪ್ಯೂಟರ್‌ಗೆ ಇಳಿಸಿಕೊಂಡೆ. ಇನ್ನೊಮ್ಮೆ ಓಡೀತೆಂಬ ನಂಬಿಕೆ ನನಗಿರಲಿಲ್ಲ. ಆಮೇಲೆ ಎರಡು ದಿನ ಕೂತು ಕೆಲಸ ಮಾಡಿದೆ. ಕೊನೆಯ ಹಾಡಿನಲ್ಲಿ ಗಾಯಕ ಏಳು ಕಡೆ ಕೆಮ್ಮಿದ್ದ. ಏಳನೆಯ ಸಲವಂತೂ ಇಡೀ ಸಭಾಂಗಣ ಅವನ ಜೊತೆ ಕೆಮ್ಮಿತ್ತು. ಚಳಿಗಾಲ, ಬೀಡಿ ಸಿಗರೇಟು ಸೇದುವ ಜನ, ಪಾಪ ಎಂದುಕೊಂಡೆ. ಏಳನ್ನೂ ತೆಗೆದು, ಆ ಜಾಗಕ್ಕೆ ಬೇರೆ ಕಡೆಯ ಗಿಟಾರ್ ಮಿಡಿತ ತುಂಬಿದೆ. ಹಾಡು ಕನ್ನಡಿಯಂತಾಯಿತು.

ಇಲ್ದಿಕೋ ಬಂದು ಹೆಡ್‌ಫೋನ್ ಹಾಕಿಕೊಂಡರು. ಮೊದಲ ಹಾಡುಗಳಿಗೆ ಅವರ ಕಣ್ಣು ತುಂಬಿತು. ಕೊನೆಯ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮುಖ ಬಿಳಿಚಿಕೊಂಡಿತು.

“ಕೆಮ್ಮು ಎಲ್ಲಿ?”

ತೆಗೆದೆ ಎಂದೆ. ನಗುತ್ತಲೇ ಹೇಳಿರಬೇಕು.

ಅವರು ಹೆಡ್‌ಫೋನನ್ನು ಮೆಲ್ಲನೆ ಕೆಳಗಿಟ್ಟು ವಿವರಿಸಿದರು. ಆಗಿನ ಹಂಗೇರಿಯಲ್ಲಿ ಕಲೆಗೆ ಮೂರು ವರ್ಗ: ಸರ್ಕಾರ ಬೆಂಬಲಿಸುವುದು, ಸಹಿಸುವುದು, ನಿಷೇಧಿಸುವುದು. ಹಾಡಿನ ಸಾಲುಗಳನ್ನು ಟೈಪ್ ಮಾಡಿ ಸಮಿತಿಗೆ ಕೊಡಬೇಕು, ಒಪ್ಪಿಗೆ ಬಂದರೆ ಹಾಡಬೇಕು. ಈ ಹಾಡಿನಲ್ಲಿ ಸಮಿತಿ ಹೊಡೆದುಹಾಕಿದ್ದು ಒಂದೇ ಪದ, ಏಳು ಜಾಗದಲ್ಲಿ. ಆ ಪದ ‘ಮಿಯೇರ್ತ್’. ಅಂದರೆ, ಯಾಕೆ. ನಾವು ಸಾಲಿನಲ್ಲಿ ನಿಂತಿದ್ದೇವೆ, ಯಾಕೆ? ಗೋಡೆಗೂ ಕಿವಿ ಬಂದಿದೆ, ಯಾಕೆ? ಹೀಗೆ ಸಾಗುವ ಹಾಡು. ಗಾಬೋರ್ ಸಮಿತಿಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಆ ಪದ ಹಾಡಲಿಲ್ಲ, ಅದರ ಜಾಗದಲ್ಲಿ ಕೆಮ್ಮಿದರು. ಟೈಪ್ ಮಾಡಿದ ಹಾಳೆ ಹಿಡಿದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಧಿಕಾರಿಗೆ ತಪ್ಪು ಹುಡುಕಲಾಗಲಿಲ್ಲ. ನಾಲ್ಕನೆಯ ಕಾರ್ಯಕ್ರಮದ ಹೊತ್ತಿಗೆ ಕೇಳುಗರೂ ಕೆಮ್ಮತೊಡಗಿದ್ದರು. ಆಗ ಅಧಿಕಾರಿಗಳಿಗೆ ಗುಟ್ಟು ಗೊತ್ತಾಯಿತು. ಪೊಲೀಸ್ ಠಾಣೆಯಲ್ಲಿ ಗಾಬೋರ್‌ನ ಹತ್ತಿರ ಕೆಮ್ಮಿಗೆ ಡಾಕ್ಟರ್ ಚೀಟಿ ಕೇಳಿದರಂತೆ. ಬ್ಯಾಂಡ್ ಮುಚ್ಚಿತು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನನ್ನು ಕಾಲೇಜಿನಿಂದ ಹೊರಹಾಕಿದರು. ಆಮೇಲಿನ ಇಪ್ಪತ್ತು ವರ್ಷ ಅವರು ಗಾಜಿನ ಕಾರ್ಖಾನೆಯಲ್ಲಿ ಬಾಟಲಿ ಎಣಿಸಿದರು.

“ಸಮಿತಿಯವರಿಂದ ಆಗದ ಕೆಲಸ ನೀವು ಮಾಡಿದ್ದೀರಿ” ಎಂದರು ಇಲ್ದಿಕೋ. ಸಿಟ್ಟಿನಿಂದ ಹೇಳಿದ್ದಲ್ಲ, ಅದಕ್ಕೇ ನನಗೆ ಹೆಚ್ಚು ಚುಚ್ಚಿತು. “ಇರಲಿ, ಮೊದಲಿನದು ನಿಮ್ಮಲ್ಲಿ ಇದೆಯಲ್ಲ?”

ಇರಲಿಲ್ಲ. ಮೂಲ ಪ್ರತಿಯನ್ನು ಬೇರೆ ಎತ್ತಿಡದೆ ಕೆಲಸಕ್ಕೆ ಕೈ ಹಾಕಬಾರದೆಂಬುದು ನಮ್ಮ ವೃತ್ತಿಯ ಮೊದಲ ನಿಯಮ. ವರ್ಷಗಟ್ಟಲೆ ಬೇರೆಯವರಿಗೆ ಅದನ್ನು ಹೇಳಿಕೊಟ್ಟ ನಾನೇ ಆ ಫೈಲಿನ ಮೇಲೆಯೇ ಕೆಲಸ ಮಾಡಿ ಸೇವ್ ಒತ್ತಿದ್ದೆ. ಕೆಮ್ಮನ್ನು ಯಾರಾದರೂ ವಾಪಸ್ ಕೇಳಿಯಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ತಲೆ ತಗ್ಗಿಸಿ ನಿಜ ಹೇಳಿದೆ. ಟೇಪನ್ನು ಇನ್ನೊಮ್ಮೆ ಓಡಿಸಬಹುದು, ಹರಿದರೂ ಹರಿಯಬಹುದು ಎಂದೆ. ಅಣ್ಣ ಬರಲಿ, ಅವನೇ ತೀರ್ಮಾನಿಸಲಿ ಎಂದು ಅವರು ಹೊರಟುಹೋದರು.

ನಮ್ಮ ಆಫೀಸ್ ನೋಡಿಕೊಳ್ಳುತ್ತಿದ್ದ ವಿಲ್ಮಾ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮಂಗಳೂರಿನವಳು, ಅವಳ ತಂದೆ ಅಬುಧಾಬಿಯ ಹೋಟೆಲೊಂದರಲ್ಲಿ ಕುಕ್ ಆಗಿದ್ದವರು. ಚಹಾ ತಂದಿಟ್ಟು ಅಲ್ಲೇ ಕೂತಳು.

“ನಾಗೇಶಣ್ಣ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಡ್ಯಾಡಿಯ ಕ್ಯಾಸೆಟ್ ಕ್ಲೀನ್ ಮಾಡಿ ಕೊಟ್ಟಿದ್ರಿ ಅಲ್ಲ? ಊರಲ್ಲಿ ಮಮ್ಮಿಗೆ ಕೇಳಿಸಿದೆ. ವಾಯ್ಸ್ ಎಲ್ಲ ಸಮ ಉಂಟು, ಆದ್ರೆ ಇವರ ಕೆಮ್ಮು ಎಲ್ಲಿ ಹೋಯ್ತು ಅಂತ ಕೇಳಿದ್ರು.”

“ನೀನು ನನ್ನತ್ರ ಹೇಳ್ಲೇ ಇಲ್ಲ ಅಲ್ಲ?”

“ನೀವು ಅಷ್ಟು ಖುಷಿಯಲ್ಲಿ ಕೊಟ್ಟಿದ್ರಿ. ಹೇಗೆ ಹೇಳುದು?”

ಎಷ್ಟು ಮನೆಗಳ ಅಪ್ಪಂದಿರ ಕೆಮ್ಮನ್ನು ನಾನು ಹೀಗೆ ಕತ್ತರಿಸಿ ಬಿಸಾಡಿದ್ದೇನೋ ಎಂಬ ಲೆಕ್ಕ ಮನಸ್ಸಿನಲ್ಲಿ ಶುರುವಾಗಿತ್ತು.

ಗಾಬೋರ್ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಎತ್ತರದ ಆಳು, ಕೊರಳಿಗೆ ತೆಳ್ಳಗಿನ ಸ್ಕಾರ್ಫ್, ಜೇಬಿನಲ್ಲಿ ಸಣ್ಣ ಟಾರ್ಚಿನಂಥ ಯಂತ್ರ. ಅದನ್ನು ಗಂಟಲಿಗೆ ಒತ್ತಿ ತುಟಿ ಆಡಿಸಿದರೆ ಏರಿಳಿತವಿಲ್ಲದ, ಗುಂಯ್ ಎನ್ನುವ ಧ್ವನಿಯಲ್ಲಿ ಮಾತು ಬರುತ್ತದೆ. ನಾನು ಕ್ಷಮೆ ಕೇಳುವಷ್ಟರಲ್ಲಿ ಅವರು ಯಂತ್ರವನ್ನು ಗಂಟಲಿಗೆ ಹಿಡಿದರು. “ಓಡಿಸಿ” ಎಂದರು, ಅಷ್ಟೇ.

ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ ಒರೆಸಿದೆ. ಈ ಸಲ ಮೂಲ ಫೈಲ್ ಎರಡು ಕಡೆ ಉಳಿಯುವಂತೆ ನೋಡಿಕೊಂಡೆ. ಇಲ್ದಿಕೋ ಅಣ್ಣನ ಪಕ್ಕ ಕೂತರು. ಕೊನೆಯ ಹಾಡು ಶುರುವಾಯಿತು. ಒಂದನೆಯ ಕೆಮ್ಮಿಗೆ ಗಾಬೋರ್ ಮುಗುಳ್ನಕ್ಕರು. ಎರಡು, ಮೂರು. ಹೆಡ್‌ನ ಕೆಳಗೆ ಕಂದು ಪುಡಿ ಬೀಳುತ್ತಿತ್ತು. ಐದು, ಆರು. ಏಳನೆಯದು ಬರುವ ಸಾಲಿನ ಕೊನೆಗೆ ಟೇಪ್ ಜಗ್ಗಿ, ಪಟ್ಟೆಂದು ಹರಿಯಿತು.

ಕ್ಯಾಸೆಟ್ ಟೇಪು ಸೆಕೆಂಡಿಗೆ ಸುಮಾರು ನಾಲ್ಕು ಮುಕ್ಕಾಲು ಸೆಂಟಿಮೀಟರ್ ಓಡುತ್ತದೆ. ರೋಲರಿಗೆ ಸಿಕ್ಕಿ ಹಿಂಡಿಹೋದದ್ದು ಹತ್ತು ಸೆಂಟಿಮೀಟರ್, ಅಂದರೆ ಎರಡು ಸೆಕೆಂಡ್. ಆ ಎರಡು ಸೆಕೆಂಡಿನಲ್ಲಿ ಇಡೀ ಸಭಾಂಗಣ ಕೆಮ್ಮಿತ್ತು. ಈಗ ಜಗತ್ತಿನಲ್ಲಿ ಅದನ್ನು ಕೇಳಿದ ನೆನಪುಳ್ಳವರು ಮಾತ್ರ ಉಳಿದರು, ಅದನ್ನು ಕಳೆದವನು ನಾನು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಹಿಂದಿನಿಂದ ಗುಂಯ್ ಎನ್ನುವ ಆ ಧ್ವನಿ ಕೇಳಿಸಿತು.

“ಮಿಯೇರ್ತ್.”

ತಿರುಗಿದೆ. ಗಾಬೋರ್ ಯಂತ್ರವನ್ನು ಗಂಟಲಿಗೆ ಹಿಡಿದೇ ಇದ್ದರು. ಇಲ್ದಿಕೋ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು. ಅಣ್ಣ ಆ ಹಾಡಿನ ಆ ಜಾಗದಲ್ಲಿ ಆ ಪದವನ್ನು ಹೇಳಿದ್ದು ಇದೇ ಮೊದಲು ಎಂದು ಆಮೇಲೆ ನನಗೆ ಹೇಳಿದರು.

ಟೇಪಿನ ತುದಿಗಳನ್ನು ಅಂಟಿಸಿ ಉಳಿದದ್ದನ್ನು ಇಳಿಸಿಕೊಂಡೆ. ಮತ್ತೆ, ಕೇಳಲೋ ಬೇಡವೋ ಎಂದು ಅಳುಕುತ್ತ, ಅದನ್ನು ಮೈಕಿನ ಮುಂದೆ ಇನ್ನೊಮ್ಮೆ ಹೇಳುತ್ತೀರಾ ಎಂದು ಕೇಳಿದೆ. ಅವರು ಎದ್ದರು. ಬೂತಿನೊಳಗೆ ತಂಗಿಯೂ ಹೋದರು. ನನ್ನ ಮೇಜಿನ ಎರಡು ಪೆನ್ಸಿಲ್ ಹಿಡಿದು ಕುರ್ಚಿಯ ಕೈಯ ಮೇಲೆ ಲಯ ಬಾರಿಸಿದರು. ನಾಲ್ಕು ಪೆಟ್ಟು, ಆಮೇಲೆ ಆ ಪದ. ಒಂದೇ ಟೇಕ್. ಪೆನ್ಸಿಲ್ ಸದ್ದನ್ನೂ ಯಂತ್ರದ ಗುಂಯ್‌ಗುಡುವಿಕೆಯನ್ನೂ ನಾನು ಮುಟ್ಟಲಿಲ್ಲ. ಅವರು ಒಯ್ದ ಹಾಡಿನಲ್ಲಿ ಆರು ಕೆಮ್ಮು ಮತ್ತು ಒಂದು ‘ಯಾಕೆ’ ಇದೆ.

ಹೋಗುವಾಗ ಗಾಬೋರ್ ನನ್ನ ಕೈ ಹಿಡಿದು, ಯಂತ್ರವನ್ನು ಗಂಟಲಿಗೆ ಒತ್ತಿ, “ಅಂದು ಪೊಲೀಸರು ಕೇಳಿದ ಡಾಕ್ಟರ್ ಚೀಟಿ ಈಗ ನನ್ನ ಹತ್ತಿರ ಇದೆ, ನಿಜವಾದದ್ದೇ” ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಸದ್ದು ಯಾವುದು, ಕಲ್ಮಶ ಯಾವುದು ಎಂದು ತೀರ್ಮಾನಿಸುವ ಅಧಿಕಾರ ಎಂಜಿನಿಯರ್‌ನದಲ್ಲ ಎಂಬುದನ್ನು ನಾನು ಕಲಿತದ್ದು ಕೆಲಸದ ಮೂವತ್ತನೆಯ ವರ್ಷದಲ್ಲಿ. ತಡವಾಯಿತು, ನಿಜ. ಕ್ಯಾಸೆಟ್ ಕೊಡುವವರು ತುಂಬುವ ಫಾರ್ಮಿಗೆ ಆ ವಾರವೇ ಹೊಸ ಪ್ರಶ್ನೆ ಸೇರಿಸಿದೆ: ‘ತೆಗೆಯಬಾರದ ಸದ್ದು ಯಾವುದು?’ ನಿವೃತ್ತನಾಗುವವರೆಗೆ, ಅದಕ್ಕೆ ಉತ್ತರ ಬರೆಯದವರ ಕ್ಯಾಸೆಟ್ ಮುಟ್ಟಲಿಲ್ಲ.

ಆ ಫಾರ್ಮನ್ನು ಮೊದಲು ತುಂಬಿದವಳು ವಿಲ್ಮಾ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋದವಳು ತಂದೆಯ ಕ್ಯಾಸೆಟ್ ಮತ್ತೆ ಹುಡುಕಿ ತಂದಿದ್ದಳು. ನನ್ನ ಪ್ರಶ್ನೆಯ ಎದುರಿಗೆ ದುಂಡು ಅಕ್ಷರದಲ್ಲಿ ಬರೆದಿದ್ದಳು: ‘ಡ್ಯಾಡಿಯ ಕೆಮ್ಮು.’