ಬಾವಿಯ ಬಗ್ಗೆ ನಾನು ಬರೆದ ಒಂದು ಸಾಲು

ತಪ್ಪು ಕಂಡರೆ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಮದುವೆ ಪತ್ರಿಕೆ ಕೈಗೆ ಬಂದರೆ ಮೊದಲು ಅದರೊಳಗಿನ ತಪ್ಪು ಹುಡುಕುತ್ತೇನೆ, ಆಮೇಲೆ ಮುಹೂರ್ತ ನೋಡುತ್ತೇನೆ. ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿ ಅರ್ಧ ಆಯುಷ್ಯ ಕಳೆದಿದ್ದೇನೆ. ತೆಗೆದ ಪುಸ್ತಕವನ್ನು ಬೇರೆ ಕಪಾಟಿಗೆ ತುರುಕುವ ವಿದ್ಯಾರ್ಥಿಗಳಿಗೆ ನನ್ನ ಬಾಯಿ ಎಂಥದೆಂದು ಚೆನ್ನಾಗಿ ಗೊತ್ತು. ಮನೆ ಹುಮನಾಬಾದಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಂಥ ನಾನು ಮಾಡಿದ ಒಂದು ತಪ್ಪನ್ನು ತಿದ್ದಲಾಗದೆ ಕೂತಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತಿರುವುದು.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಎರಡು ದಿನದ ತರಬೇತಿ ನಡೆಯಿತು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶವೊಂದಕ್ಕೆ ಕನ್ನಡದಲ್ಲಿ ಲೇಖನ ಬರೆಯುವುದು ಹೇಗೆಂದು ಕಲಿಸುತ್ತಿದ್ದರು. ಸಹಿ ಹಾಕಿ, ಚಹಾದ ಹೊತ್ತಿಗೆ ಮೆಲ್ಲಗೆ ಎದ್ದುಬಿಡುವ ಹಂಚಿಕೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಪರದೆಯ ಮೇಲೆ ನಮ್ಮ ಕಡೆಯ ಊರುಗಳ ಪಟ್ಟಿ ಬಂತು. ಹುಲಸೂರಿಗೆ ಪುಟವಿದೆ, ಚಿಟಗುಪ್ಪಕ್ಕೆ ಪುಟವಿದೆ. ಘಾಟಬೋರಾಳ ದಾಟಿ ಹೋದರೆ ಸಿಗುವ ನನ್ನ ತವರೂರಿಗೆ ಮಾತ್ರ ಒಂದೇ ಸಾಲು: ಇದು ಬೀದರ ಜಿಲ್ಲೆಯ ಒಂದು ಗ್ರಾಮ. ಅಷ್ಟೇ! ನನಗೆ ಹೊಟ್ಟೆ ಉರಿಯಿತು. ಉಳಿದವರೆಲ್ಲ ಚಹಾಕ್ಕೆ ಹೋದರು, ನಾನು ಏಳಲಿಲ್ಲ.

ಮೊದಲ ತಿಂಗಳು ನಾನು ಮಾಡಿದ ಅವಾಂತರ ಒಂದೆರಡಲ್ಲ. ಯಾವುದೋ ಗುಂಡಿ ಒತ್ತಿ ಬೇರೆಯವರು ಕಷ್ಟಪಟ್ಟು ಬರೆದ ಅರ್ಧ ಪುಟ ಅಳಿಸಿಬಿಟ್ಟು ಮೈಯೆಲ್ಲ ಬೆವತೆ. ನಮ್ಮಂಥ ಹೊಸಬರನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಸಂಪಾದಕರೊಬ್ಬರಿದ್ದರು. ಮೈಸೂರಿನ ಕಡೆಯವರಂತೆ, ನಾನು ಮುಖ ನೋಡಿಲ್ಲ, ಬರೆದ ಮಾತಿನಲ್ಲೇ ಪರಿಚಯ. ಹೆದರಬೇಡಿ, ಇಲ್ಲಿ ಯಾವುದೂ ಕಳೆದುಹೋಗುವುದಿಲ್ಲ, ಹಳೆಯದೆಲ್ಲ ಪುಟದ ಇತಿಹಾಸದಲ್ಲಿ ಇದ್ದೇ ಇರುತ್ತದೆ ಎಂದು ಅವರು ಅದನ್ನು ಮೊದಲಿನಂತೆ ಮಾಡಿಕೊಟ್ಟರು. ಹೊಗಳಿಕೆಯ ಮಾತು ಬೇಡ, ನಿಮ್ಮ ಅಭಿಪ್ರಾಯ ಬೇಡ, ಪ್ರತಿ ಮಾತಿಗೂ ಅಚ್ಚಾದ ಆಧಾರ ಬೇಕು ಎಂದು ಕಲಿಸಿದವರೂ ಅವರೇ. ಮಧ್ಯಾಹ್ನ ಬುತ್ತಿ ಬಿಚ್ಚಿ, ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಇನ್ನೊಂದು ಕೈಯಲ್ಲಿ ಮೌಸ್ ಹಿಡಿದು ನಾನು ಕಲಿಯುತ್ತ ಹೋದೆ. ನಮ್ಮೂರಿನ ಪುಟ ಬೆಳೆಯಿತು. ಶಾಲೆ, ಬೆಳೆ, ಬಸ್ಸಿನ ದಾರಿ ಎಲ್ಲ ಬಂತು.

ಊರ ಹೊರಗೆ ಒಂದು ಹಳೆಯ ಕಲ್ಲಿನ ಬಾವಿಯಿದೆ. ಅದನ್ನು ಬಿಟ್ಟರೆ ನಮ್ಮೂರಿನಲ್ಲಿ ಹೇಳಿಕೊಳ್ಳುವಂಥದ್ದು ಇನ್ನೇನೂ ಇಲ್ಲ. ಅದರ ಕತೆ ನನಗೆ ಗೊತ್ತಿರಲಿಲ್ಲ. ನಮ್ಮದು ಗೌಡರ ಮನೆ, ಈಗ ಮನೆಗೆ ಹಿರಿಯರು ಅಪ್ಪನ ತಮ್ಮ, ನಮ್ಮ ಕಾಕಾ. ಅವರಿಗೆ ಫೋನ್ ಹಚ್ಚಿ ಕೇಳಿದೆ. ನಮ್ಮ ಮುತ್ತಜ್ಜನೇ ತೋಡಿಸಿದ್ದು ಎಂದರು. ನಾನು ಹಾಗೇ ಬರೆದೆ: “ಈ ಬಾವಿಯನ್ನು ಊರಿನ ಗೌಡರ ಮನೆತನದವರು ಸಾರ್ವಜನಿಕರ ಉಪಯೋಗಕ್ಕಾಗಿ ತೋಡಿಸಿದರು.” ಬರೆದು ಎರಡು ಸಲ ಓದಿಕೊಂಡೆ. ಮುತ್ತಜ್ಜನ ಬಗ್ಗೆ ಹೆಮ್ಮೆಯಾಯಿತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆ ಯಾಕೆ?

ಹಿರಿಯ ಸಂಪಾದಕರು ಆ ಸಾಲಿನ ಪಕ್ಕದಲ್ಲಿ “ಆಧಾರ ಬೇಕು” ಎಂದು ಗುರುತು ಹಾಕಿದರು. ನನಗೆ ಸಿಟ್ಟು ಬಂತು. ನಮ್ಮ ಮನೆಯ ಮಾತು ನಾನು ಹೇಳಿದರೆ ಇವರಿಗೇನು ಕಷ್ಟ ಎಂದು ಗೊಣಗಿದೆ. ಅದೃಷ್ಟವೋ ದುರದೃಷ್ಟವೋ, ಕೆಲವು ತಿಂಗಳಾದ ಮೇಲೆ ಒಂದು ಸಣ್ಣ ಪತ್ರಿಕೆಯಲ್ಲಿ ನಮ್ಮೂರಿನ ಬಾವಿಯ ಬಗ್ಗೆ ಬರಹ ಬಂತು. ನೋಡಿದರೆ ನನ್ನ ಸಾಲೇ, ಒಂದಕ್ಷರ ಆಚೀಚೆ ಇಲ್ಲದೆ. ನನ್ನದನ್ನು ನೋಡಿಯೇ ಬರೆದಿದ್ದಾರೆಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ, ಅದೇ ಪತ್ರಿಕೆಯನ್ನು ನನ್ನ ಸಾಲಿಗೆ ಆಧಾರವೆಂದು ಸೇರಿಸಿದೆ. ಗುರುತು ಹೋಯಿತು. ಹಿರಿಯರು ಧನ್ಯವಾದ ಹೇಳಿದರು. ಗೆದ್ದೆ ಎಂದುಕೊಂಡೆ.

ಗೆದ್ದ ಮೇಲೆ ಹತ್ತು ಜನಕ್ಕೆ ಹೇಳದೆ ಇರುವುದು ಹೇಗೆ? ಊರಿನ ಶಾಲೆಯಲ್ಲಿ ಜೊತೆಗೆ ಓದಿದವರ ವಾಟ್ಸಾಪ್ ಗುಂಪಿದೆ. ಅದರಲ್ಲಿ ಪುಟದ ಕೊಂಡಿ ಹಾಕಿ, ನಮ್ಮೂರಿನ ಚರಿತ್ರೆ ಬರೆದಿದ್ದೇನೆ, ನೋಡಿ ಎಂದು ಜಂಬ ಕೊಚ್ಚಿದೆ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು.

ವಾರದೊಳಗೆ ಯಾರೋ ಪುಟಕ್ಕೆ ಕೈ ಹಾಕಿದರು. ಹೆಸರು ನೋಂದಾಯಿಸದೆ ಬರೆದದ್ದು, ಹಾಗಾಗಿ ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ನನ್ನ ಸಾಲನ್ನು ತೆಗೆದು ಹೀಗೆ ಬರೆದಿದ್ದರು: “ಈ ಬಾವಿ ನಮ್ಮ ಮಂದಿ ತೋಡಿದ್ದು ಗೌಡ್ರು ತೋಡಿಲ್ಲ ನಮ್ಮವ್ವಗ ಕೇಳ್ರಿ”. ನಾನು ನಕ್ಕೆ. ವಿಶ್ವಕೋಶದಲ್ಲಿ ಇವರವ್ವನನ್ನು ಎಲ್ಲಿಂದ ಕೇಳುವುದು? ಒಂದೇ ಗುಂಡಿ ಒತ್ತಿ ಅದನ್ನು ರದ್ದು ಮಾಡಿದೆ. ಎರಡು ದಿನಕ್ಕೆ ಮತ್ತೆ ಬಂತು. ಮತ್ತೆ ರದ್ದು ಮಾಡಿ, ಮೌಖಿಕ ಮಾತು ಆಧಾರವಲ್ಲ, ಆಧಾರವಿಲ್ಲದ ಮಾಹಿತಿ ಸೇರಿಸಬೇಡಿ ಎಂದು ಎಚ್ಚರಿಕೆ ಬರೆದೆ. ಮೂರನೇ ಸಲ ಬಂದಾಗ, ಪುಟ ಹಾಳು ಮಾಡುತ್ತಿದ್ದಾರೆಂದು ದೂರು ಕೊಟ್ಟು ಆ ಅಂಕಿಯವರು ಬರೆಯದಂತೆ ತಡೆ ಹಾಕಿಸಿದೆ. ನಿಮ್ಮ ಕಾವಲು ಚೆನ್ನಾಗಿದೆ ಎಂದರು ಹಿರಿಯರು. ಆ ಒಂದು ಮಾತಿಗೆ ಇಡೀ ದಿನ ಉಬ್ಬಿಕೊಂಡು ಓಡಾಡಿದೆ, ನನ್ನ ಬುದ್ಧಿಗಿಷ್ಟು!

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ನನ್ನ ಹಳೆಯ ಗೆಳತಿ ಸಿಕ್ಕಳು. ಏಳನೆಯ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಬೆಂಚಿನವರು. ಈಗ ಅವಳು ಊರಿನ ಆಶಾ ಕಾರ್ಯಕರ್ತೆ, ಆವತ್ತೂ ಅದೇ ಗುಲಾಬಿ ಸೀರೆಯಲ್ಲಿದ್ದಳು. ಅವಳ ತಾಯಿ ನಮ್ಮ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಗೆಳತಿ ನಮ್ಮ ಮನೆಗೆ ಬಂದರೆ ಅಂಗಳದ ಕಟ್ಟೆಯ ಮೇಲೇ ಕೂರುತ್ತಿದ್ದಳು. ಒಳಗೆ ಬಾ ಎಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ, ನನಗೂ ಅನ್ನಬೇಕೆಂದು ಹೊಳೆಯಲಿಲ್ಲ. ಅವಳ ತಾಯಿಯನ್ನು, ನನಗಿಂತ ಮೂವತ್ತು ವರ್ಷ ದೊಡ್ಡವರನ್ನು, ನಾನು ಸಣ್ಣವಳಿದ್ದಾಗ ಹೆಸರು ಹಿಡಿದೇ ಕರೆಯುತ್ತಿದ್ದೆ.

ಆರಾಮ ಇದ್ದೀಯಾ ಎಂದು ನಾನು ಕೇಳುವಷ್ಟರಲ್ಲಿ ಅವಳು ನೇರ ವಿಷಯಕ್ಕೆ ಬಂದಳು.

“ಮೂರು ಸಲ ಬರದ್ನಿ. ಮೂರೂ ಸಲ ಅಳಿಸಿದಾಕಿ ನೀನ ಅಲ್ಲ?”

ತಡೆ ಹಾಕಿಸಿದ ಅಂಕಿಗಳು ಅವಳವೇ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ನನಗೆ ಮೊದಲು ಬಂದದ್ದು ಸಿಟ್ಟೇ. ನಾನೇನು ಕಂಡಿದ್ದೆನೇ, ಹೆಸರು ಹಾಕಿ ಬರೆಯಬೇಕಿತ್ತು, ಅಲ್ಲಿ ನಿಯಮ ಇವೆ, ಪುಸ್ತಕದಲ್ಲೋ ಪೇಪರಿನಲ್ಲೋ ಬಂದಿರಬೇಕು ಎಂದು ಗ್ರಂಥಾಲಯದ ದನಿಯಲ್ಲೇ ಪಾಠ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಗೌಡ್ರು ತೋಡಿಸಿದ್ರಂತ ನಿನಗ ಯಾರು ಹೇಳಿದ್ರು?”

“ಕಾಕಾ.”

“ಕಾಕಾ ಯಾವ ಪುಸ್ತಕದಾಗ ಓದಿದ್ರಂತ?”

ಅವಳು ಕೂಗಾಡಲಿಲ್ಲ. ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂತು, ಅವರವ್ವ ಹೇಳುವುದನ್ನು ನನಗೆ ಹೇಳಿದಳು. ಆಗ ಕೇರಿಯವರು ಊರ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಮೇಲಿಂದ ಸುರಿಯುವವರೆಗೆ ಕಾಯಬೇಕಿತ್ತು. ಹಾಗಾಗಿ ಊರ ಹೊರಗೆ ಅವರೇ ಈ ಬಾವಿ ತೋಡಿಕೊಂಡರು. ಹಗಲೆಲ್ಲ ನಮ್ಮ ಹೊಲಗಳಲ್ಲಿ ದುಡಿದು, ಹೊತ್ತು ಇಳಿದ ಮೇಲೆ ತೋಡುತ್ತಿದ್ದರು. ನೀರು ಹತ್ತಲು ಮೂರು ಬೇಸಿಗೆ ಹಿಡಿದವು. ಅವಳ ಅಜ್ಜಿ, ಅಂದರೆ ಅವ್ವನ ಅತ್ತೆ, ತುಂಬಿದ ಬಸುರಿಯಾಗಿದ್ದರೂ ಬುಟ್ಟಿಯಲ್ಲಿ ಮಣ್ಣು ಹೊತ್ತಿದ್ದಳಂತೆ. ಎಷ್ಟೋ ವರ್ಷದ ಮೇಲೆ ನಮ್ಮ ಅಜ್ಜ ಆ ಬಾವಿಗೆ ಪಂಪು ಕೂಡಿಸಿದ. ಅಂದಿನಿಂದ ಅದು ಗೌಡರ ಬಾವಿಯಾಯಿತು. ಪಂಪು ನನಗೂ ನೆನಪಿತ್ತು, ಅದರ ಕೆಳಗೆ ಸ್ನಾನ ಮಾಡುತ್ತಿದ್ದೆವು. ಬಾವಿ ಅದಕ್ಕೂ ಮೊದಲು ಯಾರದಾಗಿತ್ತು ಎಂದು ಮಾತ್ರ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಇಷ್ಟಕ್ಕೇ ಆಗಿದ್ದರೆ ಅವಳು ನನ್ನನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಪಂಚಾಯಿತಿಯವರು ಬಾವಿಯ ಹೂಳು ತೆಗೆಸಿ, ಅಲ್ಲೊಂದು ಬೋರ್ಡು ನಿಲ್ಲಿಸುವವರಿದ್ದರು. ತೋಡಿದವರ ಹೆಸರು ಹಾಕಿರಿ ಎಂದು ಇವಳು ಕೇಳಲು ಹೋದರೆ, ಅವರು ಮೊಬೈಲಿನಲ್ಲಿ ನನ್ನ ಪುಟ ತೆರೆದು ತೋರಿಸಿದರಂತೆ. ಇಲ್ಲೂ ಹೀಗೇ ಇದೆ, ಪೇಪರಿನಲ್ಲೂ ಹೀಗೇ ಇದೆ, ಇನ್ನೇನು ಎಂದರಂತೆ. “ನಮ್ಮವ್ವಗ ಅದೊಂದ ಆಶಾ ಅದ ನೋಡು. ಬೋರ್ಡು ಬರೆಯೂದ್ರಾಗ ನೀ ನಿಮ್ಮ ಕಾಕಾಗ ಹೇಳು. ಅವ್ರು ಒಂದು ಮಾತಂದ್ರ ಪಂಚಾಯಿತಿಯವ್ರು ಇಲ್ಲ ಅನ್ನಂಗಿಲ್ಲ,” ಎಂದಳು. ಹೇಳುತ್ತೇನೆ ಎಂದು ಕೈ ಹಿಡಿದು ಮಾತು ಕೊಟ್ಟೆ.

ಆವತ್ತೇ ನನ್ನ ಸಾಲನ್ನು ತೆಗೆದೆ. ಸಂಜೆಯೊಳಗೆ ಹಿರಿಯ ಸಂಪಾದಕರು ಅದನ್ನು ಮರಳಿ ಹಾಕಿದ್ದರು. ಪತ್ರಿಕೆಯ ಆಧಾರವಿರುವ ಸಾಲನ್ನು ಯಾಕೆ ತೆಗೆದಿರಿ, ವಿರುದ್ಧವಾದ ಆಧಾರವಿದ್ದರೆ ಕೊಡಿ ಎಂದು ಮರ್ಯಾದೆಯಿಂದಲೇ ಕೇಳಿದರು. ಆ ಪತ್ರಿಕೆ ನನ್ನಿಂದಲೇ ಎತ್ತಿಕೊಂಡದ್ದು, ನಾನು ಗೊತ್ತಿದ್ದೂ ಸೇರಿಸಿದೆ ಎಂದು ಅಲ್ಲಿ ಬರೆಯಬೇಕಿತ್ತು. ಬರೆದರೆ ಇಷ್ಟು ದಿನ ಗಳಿಸಿದ ಒಳ್ಳೆಯ ಹೆಸರು ಮಣ್ಣುಪಾಲಾಗುತ್ತದೆಂದು ಅಂಜಿದೆ. ನೋಡಿ ಹೇಳುತ್ತೇನೆ ಎಂದು ಬರೆದು ಸುಮ್ಮನಾದೆ.

ಭಾನುವಾರ ಊರಿಗೆ ಹೋದೆ, ಕಾಕಾನ ಜೊತೆ ಮಾತಾಡಲೆಂದೇ. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಕಾಕಾ ಬಂದವರಿಗೆಲ್ಲ, ನಮ್ಮ ಮನೆತನದ ಹೆಸರನ್ನು ಜಗತ್ತಿಗೇ ತೋರಿಸಿದ ಹುಡುಗಿ ಇವಳು ಎಂದು ನನ್ನ ಪರಿಚಯ ಹೇಳುತ್ತಿದ್ದರು. ಐವತ್ತು ದಾಟಿದ ನನ್ನನ್ನು ಹುಡುಗಿ ಎನ್ನುವವರು ಈಗ ಅವರೊಬ್ಬರೇ. ಊಟವಾದ ಮೇಲೆ ಹೇಳೋಣ ಎಂದುಕೊಂಡೆ. ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡ ಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಅವರು ಮಲಗಿದರು, ನಾನು ನಾಲ್ಕರ ಬಸ್ಸು ಹಿಡಿದೆ. ಜಗತ್ತಿನವರ ತಪ್ಪನ್ನೆಲ್ಲ ಮುಖಕ್ಕೆ ಹೊಡೆದಂತೆ ಹೇಳುವ ನನಗೆ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಾತು ಹೊರಡಲಿಲ್ಲ. ಇದಕ್ಕೆ ಯಾವ ನಿಯಮವೂ ಅಡ್ಡ ಬಂದಿರಲಿಲ್ಲ.

ಬೋರ್ಡು ನಿಂತಿತು. ಎರಡು ತಿಂಗಳು ಊರಿನ ಕಡೆ ಮುಖ ಹಾಕಲಿಲ್ಲ. ಕೊನೆಗೆ ತಡೆಯಲಾಗದೆ ಒಂದು ದಿನ ರಜೆ ಹಾಕಿ, ನಮ್ಮ ಮನೆಗೆ ಹೋಗದೆ ಸೀದಾ ಕೇರಿಗೆ ಹೋದೆ. ಗೆಳತಿ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವಳ ತಾಯಿಯ ಕಣ್ಣು ಮಂಜಾಗಿತ್ತು. ದನಿಯಿಂದಲೇ ಗುರುತು ಹಿಡಿದು, ಗೌಡರ ಮಗಳೇನು ಎಂದು ಮುಖ ಸವರಿದರು. ಆಯಿ, ನಾನೇ ಎಂದೆ. ಬಾವಿಯ ಕಡೆ ಹೋಗೋಣ ನಡಿ ಎಂದು ಅವರೇ ಎದ್ದರು.

ಬೋರ್ಡಿನ ಮುಂದೆ ನಿಂತು ಆಯಿ ನನ್ನ ಕೈ ಹಿಡಿದರು.

“ನಮ್ಮ ಮಂದಿದು ಬರ್ದಾರಂತಲ್ಲ ಯವ್ವಾ. ಇಕಿ ಒಮ್ಮೆ ಲಗೂನ ಓದಿ ಮುಗಿಸಿದ್ಳು. ನೀ ಶಾಣ್ಯಾಕಿ, ಸಾವಕಾಶ ಓದಿ ಹೇಳು.”

ನಾನು ಗೆಳತಿಯ ಮುಖ ನೋಡಿದೆ. ತಾಯಿಗೆ ಅವಳು ಏನೆಂದು ಓದಿ ಹೇಳಿದ್ದಳೆಂದು ಆಗ ತಿಳಿಯಿತು. ಅವಳು ಕಣ್ಣು ತಪ್ಪಿಸದೆ ನನ್ನನ್ನೇ ನೋಡುತ್ತಿದ್ದಳು. ಬೋರ್ಡಿನ ಮೇಲೆ ನೀಲಿ ಬಣ್ಣದಲ್ಲಿ ನನ್ನ ಸಾಲೇ ಇತ್ತು. ನಾನು ಓದಿದೆ. ಈ ಬಾವಿಯನ್ನು ಕೇರಿಯ ಜನ ತಮ್ಮ ಕೈಯಿಂದ ತೋಡಿದರು. ಹೊಲದ ಕೆಲಸ ಮುಗಿಸಿ ಬಂದು ತೋಡಿದರು. ನೀರು ಹತ್ತಲು ಮೂರು ಬೇಸಿಗೆ ಹಿಡಿದವು. ಆಯಿ ಒಂದೊಂದೇ ಹೆಸರು ಹೇಳಿ ಕೇಳಿದರು, ನಾನು ಒಂದೊಂದಕ್ಕೂ ಇದೆ ಎಂದೆ.

“ನಮ್ಮತ್ತಿದು?”

“ಅದ, ಆಯಿ.”

“ಎಲ್ಲಿ ಅದ? ಕೈ ಹಚ್ಚಿ ತೋರ್ಸು.”

ಅವರ ಬೆರಳು ಹಿಡಿದು ಬೋರ್ಡಿನ ಮೇಲೆ ಇಟ್ಟೆ. ಅಲ್ಲಿದ್ದದ್ದು ಗೌಡರ ಮನೆತನ ಎಂಬ ಅಕ್ಷರ. ಆಯಿ ಅದನ್ನು ಎರಡು ಸಲ ಸವರಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. ನನಗೆ ಅಳು ಬಂತು, ಅವರಿಗೆ ಕಾಣಲಿಲ್ಲ.

“ಛಲೋ ಓದಿದಿ,” ಎಂದಳು ಗೆಳತಿ. “ಈಗ ಹಂಗ ಬರಿ.”

ತಾಯಿಯ ರಟ್ಟೆ ಹಿಡಿದುಕೊಂಡು ಅವಳು ಕೇರಿಯ ಕಡೆ ಹೊರಟಳು. ನಾನು ಇನ್ನೂ ಬರೆದಿಲ್ಲ.