ಹುಸೇನಬಿ ಮರೆತ ಕಷಾಯ

ನಮ್ಮ ಹಿತ್ತಲಿನ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಅಜವಾನದ ಹೊಗೆ ಬಂತು. ಭಾಗ್ಯನಗರದ ಓಣಿಗಳಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ, ಆ ವಾಸನೆ ಬಂತೆಂದರೆ ಅಲ್ಲಿ ಹಸಿ ಬಾಣಂತಿ ಇದ್ದಾಳೆ. ಇರುವವಳು ರೇಣುಕಾ. ಗಂಡ ಕೆಂಡಕ್ಕೆ ಅಜವಾನ ಹಾಕಿ ಕಾರ್ಖಾನೆಯ ಪಾಳಿಗೆ ಹೋದರೆ ಅವಳೂ ಕೂಸೂ ಇಬ್ಬರೇ. ಈ ಕಡೆ ನಾನೊಬ್ಬಳೇ. ನಡುವೆ ಬೇವಿನ ಕಟ್ಟೆ.

ಮೂವತ್ತು ವರ್ಷಗಳ ಹಿಂದೆ ಇದೇ ತವರುಮನೆಯ ಒಳಕೋಣೆಯಲ್ಲಿ ನಾನು ಮಲಗಿದ್ದೆ. ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು. ಹಿಂದಿನ ವರ್ಷವಷ್ಟೇ ಅವ್ವ ತೀರಿಕೊಂಡಿದ್ದಳು. ಬಾಣಂತನಕ್ಕೆ ದೊಡ್ಡವ್ವನೇ ಗತಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ. ನರ್ಸಬಾಯಿ ಬಂದು, "ದಿನಾ ಸ್ವಲ್ಪ ಸ್ವಲ್ಪ ಅಡ್ಡಾಡ್ರಿ" ಎಂದು ಹೇಳಿ ಹೋದರೆ, ದೊಡ್ಡವ್ವ ಬಾಗಿಲು ಮುಂದೆ ಮಾಡಿ, "ಎಲುಬು ಹಸಿ ಅದಾವ, ಸುಮ್ನ ಮಲಕ್ಕೋ" ಎನ್ನುತ್ತಿದ್ದಳು. ನಾನೂ ಮಹಾ ವಿಧೇಯಳು! ನಿಜ ಹೇಳಬೇಕೆಂದರೆ ಏಳುವ ಮನಸ್ಸೇ ಇರಲಿಲ್ಲ. ಎದ್ದು ಯಾರ ಬಳಿ ಹೋಗಲಿ? ಅವ್ವ ಇಲ್ಲದ ಅಡುಗೆಮನೆ ನೋಡಲು ಹೆದರಿಕೆ. ಹೀಗೇ ಬಿದ್ದುಕೊಂಡರೆ ಇನ್ನು ಏಳಲಾರೆನೇನೋ ಎಂಬ ಹೆದರಿಕೆ ಬೇರೆ.

ನನಗೂ ಕೂಸಿಗೂ ನೀರು ಎರೆಯಲು ಹಿಂದಿನ ಓಣಿಯ ಹುಸೇನಬಿ ಬರುತ್ತಿದ್ದಳು. ಎರೆದ ಮೇಲೆ ಶುಂಠಿ ಬೆಲ್ಲದ ಕಷಾಯ. ಮೊದಲೆರಡು ದಿನ ಲೋಟ ಕೈಗೇ ಬಂತು. ಮೂರನೆಯ ದಿನ ಗೋಡೆಯ ಗೂಡಿನಲ್ಲಿತ್ತು. ಆಮೇಲೆ ಹೊಸ್ತಿಲ ಬಳಿ. ವಾರ ಕಳೆಯುವುದರೊಳಗೆ ಅಡುಗೆಮನೆಯ ಒಲೆಕಟ್ಟೆಗೆ ಹೋಗಿತ್ತು. ಅದೂ ದೊಡ್ಡವ್ವ ಎಮ್ಮೆ ಹಿಂಡಲು ಹೋದ ಹೊತ್ತಿನಲ್ಲೇ.

"ನಿನಗ ಅರಳುಮರಳು ಹಿಡದೈತಿ ನೋಡು. ಎಲ್ಲಿಟ್ಟಿ ಅಂತ ನೆನಪ ಇರೂದಿಲ್ಲ" ಎಂದು ಬೈದೆ.

"ಹೌದವ್ವ, ವಯಸ್ಸಾತು. ಸಿಕ್ತಿಲ್ಲೋ? ಆರೂದ್ರಾಗ ಕುಡಿ."

ಒಂದು ದಿನ ಲೋಟ ಹುಡುಕುತ್ತ ಬೇವಿನ ಕಟ್ಟೆಯವರೆಗೂ ಬಂದುಬಿಟ್ಟೆ. ಬಿಸಿಲು ಮೈಗೆ ಬಿತ್ತು. ತಿರುಗಿ ನೋಡಿದರೆ ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ. ನಗುತ್ತಿದ್ದಾಳೆಂದು ಇನ್ನಷ್ಟು ರೇಗಿದೆ. ಮರುದಿನ ನರ್ಸಬಾಯಿ, "ಭಾಳ ಛಲೋ ನಡೀತೀರಿ" ಎಂದಾಗಲೇ ಮುದುಕಿಯ ಉಪಾಯ ತಿಳಿದದ್ದು. ಆದರೂ ಬೈದ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಲಿಲ್ಲ. ಹೇಳಿದರಾಯಿತು, ಹೇಳಿದರಾಯಿತು ಎನ್ನುವುದರಲ್ಲಿ ಅವಳೇ ಹೋಗಿಬಿಟ್ಟಳು.

ರೇಣುಕಾಗೂ ಡಾಕ್ಟರು ಅಡ್ಡಾಡಲು ಹೇಳಿ ವಾರವಾಯಿತು. ಅವಳು ಗೋಡೆ ನೋಡುತ್ತ ಮಲಗಿರುತ್ತಾಳೆ. ನಾನೋ, ದಿನಾ ಅಂಟಿನ ಉಂಡೆಯನ್ನು ಅವಳ ಹಾಸಿಗೆಗೇ ಒಯ್ದು ಕೊಟ್ಟು, ದೊಡ್ಡ ಉಪಕಾರ ಮಾಡಿದೆನೆಂದು ಬೀಗುತ್ತಿದ್ದೆ. ಇವತ್ತು ತಟ್ಟೆಯನ್ನು ಬೇವಿನ ಕಟ್ಟೆಯ ಮೇಲಿಟ್ಟು ಕೂಗಿದೆ.

"ರೇಣುಕಾ, ಉಂಡಿ ಕಟ್ಟಿ ಮ್ಯಾಲ ಮರತು ಬಂದೇನಿ. ಮೊಣಕಾಲು ನೋಯಾಕತ್ತಾವ, ನೀನ ಬಾರವ್ವ."

ಬಹಳ ಹೊತ್ತು ಬಾಗಿಲು ಅಲುಗಲಿಲ್ಲ. ಆಮೇಲೆ ಗೋಡೆ ಹಿಡಿದು, ನಿಂತು ನಿಂತು ಬಂದಳು. ಕಟ್ಟೆಯ ಮೇಲೆ ಕುಳಿತು ಉಸಿರುಬಿಟ್ಟಳು.

"ನಿಮಗೂ ವಯಸ್ಸಾತು ನೋಡ್ರಿ ಅಮ್ಮಾರ. ಎಲ್ಲೆಲ್ಲೋ ಇಟ್ಟು ಮರೀತೀರಿ."

"ಹೌದವ್ವ, ವಯಸ್ಸಾತು" ಎಂದವಳು, ಕಣ್ಣು ತುಂಬಿ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವತ್ತು ಹುಸೇನಬಿ ನಕ್ಕಿರಲಿಲ್ಲ.